ಐದು ರೊಟ್ಟಿ ಬಡಿದವರು ಯಾರು?

ಜೋಳ ಕಿಲೊಗೆ ಐವತ್ತೈದು ರೂಪಾಯಿ. ಗಿರಣಿಯಲ್ಲಿ ಬೀಸಿಸಲು ಆರು. ಒಂದು ಕಿಲೊ ಹಿಟ್ಟಿಗೆ ಹದಿನಾಲ್ಕು ರೊಟ್ಟಿ ಬಂದರೆ ಕೈ ಪಳಗಿದೆ ಎಂದರ್ಥ. ಖಾನಾವಳಿಯವರು ರೊಟ್ಟಿಗೆ ಏಳು ರೂಪಾಯಿ ಕೊಡುತ್ತಾರೆ. ಭಾನುವಾರ ಮಾತ್ರ, ರೊಟ್ಟಿ ಬಡಿದು ಮಾರುವ ಉಣಕಲ್‌ನ ದಯಾವತಿ ಎರಡು ಕಿಲೊ ಹಿಟ್ಟನ್ನು ಈ ಲೆಕ್ಕದಿಂದ ಹೊರಗಿಡುತ್ತಾರೆ. ಅದು ಚರ್ಚಿನ ಸಂಡೇ ಸ್ಕೂಲಿನ ಮಕ್ಕಳ ಕೈಗೆ ಹೋಗುವ ಹಿಟ್ಟು. ಮಕ್ಕಳು ಕಿವುಚಿ, ನೆಲಕ್ಕೆ ಬೀಳಿಸಿ, ಮತ್ತೆ ಎತ್ತಿಕೊಂಡ ಹಿಟ್ಟನ್ನು ಯಾರು ಕೊಳ್ಳುತ್ತಾರೆ?

ಭಾನುವಾರ ನಸುಕಿನ ನಾಲ್ಕೂವರೆ. ಒಲೆಯ ಒಂದು ಬದಿಗೆ ದಯಾವತಿ, ಇನ್ನೊಂದು ಬದಿಗೆ ಪಕ್ಕದ ಮನೆಯ ಹೊಳೆವ್ವ. ಒಬ್ಬರು ಬಡಿದ ರೊಟ್ಟಿಯನ್ನು ಇನ್ನೊಬ್ಬರು ಹಂಚಿಗೆ ಹಾಕಿ, ಒದ್ದೆ ಅರಿವೆಯಿಂದ ನೀರು ಸವರಿ ಮಗುಚುತ್ತಾರೆ. ಮಕ್ಕಳಿಗೆ ಹೇಳಬೇಕಾದ ಕಥೆಯನ್ನು ದಯಾವತಿ ಮೊದಲು ಹೊಳೆವ್ವನಿಗೆ ಹೇಳಿ ನೋಡುವುದು ರೂಢಿ. ಹೊಳೆವ್ವ ಗ್ರಾಮದೇವತೆ ದ್ಯಾಮವ್ವನಿಗೆ ನಡೆದುಕೊಳ್ಳುವ ಹೆಂಗಸು, ಚರ್ಚಿನ ಮೆಟ್ಟಿಲು ಹತ್ತಿದವಳಲ್ಲ. ಆದರೂ ಬೈಬಲಿನ ಅರ್ಧ ಕಥೆಗಳು ಅವಳಿಗೆ ಬರುತ್ತವೆ.

“ನಿಮ್ಮ ಯೇಸುಸ್ವಾಮಿ ಐದ ರೊಟ್ಟಿ ಐದ ಸಾವಿರ ಮಂದಿಗೆ ಮುಟ್ಟಿಸಿದ್ನಂತ. ನಾವಿಬ್ಬರು ಮುನ್ನೂರು ಬಡದ್ರೂ ಖಾನಾವಳಿ ಯಾಕೂಬಸಾಬ ಸಾಲಲಿಲ್ಲ ಅಂತಾನ. ನಿಮ್ಮ ಸ್ವಾಮಿನ್ನ ಒಂದ ದಿನ ಇಲ್ಲಿಗೆ ಕರಕೊಂಡ ಬಾರವಾ,” ಎನ್ನುತ್ತಾಳೆ ಹೊಳೆವ್ವ.

“ಕರದ್ರ ಬರ್ತಾನ. ನೀ ಮೊದ್ಲ ಹಂಚ ನೋಡು, ರೊಟ್ಟಿ ಸೀಯಾಕತ್ತೇತಿ.”

ಮಾತು ಹಗುರ, ಮನಸ್ಸು ಹಗುರವಿಲ್ಲ. ಇಪ್ಪತ್ತೊಂದು ವರ್ಷದಿಂದ ಕಲಿಸುತ್ತಿರುವ ದೊಡ್ಡ ಮಕ್ಕಳ ತರಗತಿ ದಯಾವತಿಯ ಕೈಯಲ್ಲಿ ಉಳಿಯುತ್ತದೋ ಇಲ್ಲವೋ ಎಂಬುದನ್ನು ಚರ್ಚಿನ ಕಮಿಟಿ ಇವತ್ತು ತಿಳಿಸಲಿದೆ.

ದಯಾವತಿ ಓದಿದ್ದು ಐದನೆಯ ಇಯತ್ತೆಯವರೆಗೆ. ಲಾರಿ ಓಡಿಸುತ್ತಿದ್ದ ಗಂಡ ಅಪಘಾತದಲ್ಲಿ ತೀರಿಕೊಂಡಾಗ ಕೈಯಲ್ಲಿ ಎರಡು ಕೂಸು. ಒಲೆಯ ಮುಂದೆ ತಂದು ಕೂರಿಸಿದವಳು ಹೊಳೆವ್ವ. ಅದೇ ವರ್ಷ ಒಂದು ಭಾನುವಾರ ಸಂಡೇ ಸ್ಕೂಲಿನ ಟೀಚರ್ ಬರಲಿಲ್ಲ. ಗದ್ದಲ ಎಬ್ಬಿಸಿದ್ದ ಮಕ್ಕಳಿಗೆ ದಯಾವತಿ ತಮ್ಮ ಡಬ್ಬಿಯ ರೊಟ್ಟಿ ಮುರಿದು ಕೊಟ್ಟು, ತಿಳಿದ ಕಥೆ ಹೇಳಿದರು. ಮುಂದಿನ ವಾರ ಮಕ್ಕಳು ಅವರನ್ನೇ ಕೇಳಿದರು.

“ಪುಸ್ತಕದಾಗ ಜವಿಗೋಧಿ ರೊಟ್ಟಿ ಅಂತೈತ್ರಿ. ನಮ್ಮ ಹುಡುಗ್ರಿಗೆ ಜ್ವಾಳದ್ದ ಗೊತ್ತು,” ಎನ್ನುತ್ತಾರೆ ಅವರು. “ಕೈಯಾಗ ಹಿಟ್ಟ ಇದ್ರ ಕತಿ ಮನಸಿನ್ಯಾಗ ಕುಂದರ್ತೇತಿ. ಸ್ವಾಮಿನೂ ಮಂದಿನ್ನ ಹುಲ್ಲಿನ ಮ್ಯಾಲ ಕುಂದ್ರಿಸಿ ಉಣಿಸಿದ್ರು. ಹಸದಾರಿಗೆ ಬರೇ ಉಪದೇಶ ರುಚಿ ಹತ್ತಂಗಿಲ್ಲ ಅನ್ನೂದು ಅವರಿಗೆ ಗೊತ್ತಿತ್ತು.”

ತೊಡಕು ಹುಟ್ಟಿದ್ದು ಹೋದ ತಿಂಗಳು, ಇದೇ ಕಥೆಯಿಂದ. ಒಬ್ಬ ಹುಡುಗ ತನ್ನ ಬುತ್ತಿಯ ಐದು ರೊಟ್ಟಿ, ಎರಡು ಮೀನು ಯೇಸುವಿಗೆ ಕೊಟ್ಟ ಎಂದು ದಯಾವತಿ ಹೇಳುತ್ತಿದ್ದಾಗ, ಹಿಟ್ಟು ನಾದುತ್ತಿದ್ದ ಒಂಬತ್ತು ವರ್ಷದ ಜೆಮಿಮಾ ತಲೆಯೆತ್ತಿ ಕೇಳಿದಳು: “ಟೀಚರ್, ಆ ರೊಟ್ಟಿ ಬಡದಾರು ಯಾರ್ರೀ?”

ಜೀವಮಾನವೆಲ್ಲ ರೊಟ್ಟಿ ಬಡಿದ ಹೆಂಗಸಿಗೆ ಆ ಪ್ರಶ್ನೆ ಎಂದೂ ಹೊಳೆದಿರಲಿಲ್ಲ. ಅವರು ಹೇಳಿದರು: “ಅವನ ಅವ್ವ ಇರಬೇಕವಾ. ನಸುಕಿನ್ಯಾಗ ಎದ್ದು ಬಡದಿರ್ತಾಳ. ಆಕಿ ಕಟ್ಟಿದ ಬುತ್ತಿನ ಸ್ವಾಮಿ ಕೈಗೆ ಮುಟ್ಟಿತು.”

ಊರಿನ ಚರ್ಚುಗಳ ಮಕ್ಕಳೆಲ್ಲ ಸೇರುವ ಕಥಾಸ್ಪರ್ಧೆಯಲ್ಲಿ ಜೆಮಿಮಾ ಅದನ್ನೇ ಹೇಳಿದಳು. ಬೈಬಲಿನಲ್ಲಿ ಇಲ್ಲದ್ದನ್ನು ಸೇರಿಸಿದ್ದಾಳೆಂದು ತೀರ್ಪುಗಾರರು ಅಂಕ ಕಳೆದರು. ಮೂರು ವರ್ಷದಿಂದ ಈ ಚರ್ಚಿನ ಕಪಾಟಿನಲ್ಲಿದ್ದ ಬಹುಮಾನದ ಢಾಲು ಎರಡೇ ಅಂಕದಲ್ಲಿ ಬೇರೆ ಚರ್ಚಿಗೆ ಹೋಯಿತು. ಹೀಗೆ ಹೇಳಿಕೊಟ್ಟವರು ಯಾರೆಂದು ಕಮಿಟಿ ವಿಚಾರಿಸಿತು.

“ನಾನ್ರಿ,” ಎಂದರು ದಯಾವತಿ. “ಕೂಸಿನ ತಪ್ಪಿಲ್ಲ. ಹಂಗ ಬರದಿಲ್ಲ ಅನ್ನೂದು ಖರೇ. ಆದ್ರ ರೊಟ್ಟಿ ತಾವ ಆಗೂದಿಲ್ರಿ.”

ಇವತ್ತು ಆರಾಧನೆ ಮುಗಿದ ಮೇಲೆ ಕಮಿಟಿಯ ಹಿರಿಯರೊಬ್ಬರು ತರಗತಿ ನಡೆಯುವ ಪಡಸಾಲೆಗೆ ಬರುತ್ತಾರೆ. ಒಳ್ಳೆಯ ಮನುಷ್ಯ, ಹೇಳಲು ತಡವರಿಸುತ್ತಾರೆ. “ದಯಕ್ಕಾ, ಬ್ಯಾಸರ ಮಾಡ್ಕೋಬ್ಯಾಡ್ರಿ. ಸ್ಪರ್ಧಾ, ಪರೀಕ್ಷಾ ಅಂತ ಇರ್ತಾವಲ್ಲ, ದೊಡ್ಡ ಹುಡುಗ್ರನ್ನ ಟ್ರೇನಿಂಗ್ ಆದ ಟೀಚರ್‌ಗೆ ಕೊಡ್ತೇವಿ. ಆರು ವರ್ಷದೊಳಗಿನವರನ್ನ ನೀವು ನೋಡ್ಕೊರ್ರಿ.”

“ಹಿಟ್ಟ ತರಬಹುದಲ್ರಿ?”

“ತರ್ರಿ, ತರ್ರಿ.”

ಹನ್ನೊಂದು ದೊಡ್ಡ ಮಕ್ಕಳು ಎದ್ದು ಪಕ್ಕದ ಕೋಣೆಗೆ ಹೋಗುತ್ತಾರೆ; ಸಣ್ಣವರು ಚಾಪೆಯ ಮೇಲೆ ಉಳಿಯುತ್ತಾರೆ. ಜೆಮಿಮಾ ಬಾಗಿಲಲ್ಲಿ ನಿಂತು ಹಿಂದಿರುಗಿ ನೋಡುತ್ತಾಳೆ. “ಹೋಗವಾ, ಅವರೂ ಛಲೋ ಹೇಳ್ತಾರ,” ಎಂದು ಕಳಿಸಿದ ದಯಾವತಿ, ಪರಾತದ ಅಂಚಿಗೆ ಅಂಟಿದ ಹಿಟ್ಟನ್ನು ಉಗುರಿನಿಂದ ಕೆರೆಯುತ್ತಾರೆ.

ಆಗ ಬಂದು ನಿಲ್ಲುವವಳು ಜೆಮಿಮಾಳ ತಾಯಿ ಸುಮಲತಾ. ಸತ್ತೂರಿನ ಒಂದು ಹಾಸ್ಟೆಲಿನ ಅಡುಗೆಮನೆಯಲ್ಲಿ ಕೆಲಸ. ಪ್ರತಿ ಭಾನುವಾರ ಮಗಳನ್ನು ಗೇಟಿನಲ್ಲಿ ಬಿಟ್ಟು ಬಸ್ಸಿಗೆ ಓಡುತ್ತಿದ್ದವಳು ಸ್ಪರ್ಧೆಯ ದಿನ ಮಾತ್ರ ರಜೆ ಹಾಕಿ, ಹಿಂದೆ ಕೂತು ಕೇಳಿದ್ದಳು.

“ಟೀಚರ್, ಅವತ್ತ ನನ್ನ ಮಗಳು ಅಷ್ಟ ಮಂದಿ ಮುಂದ ಅವ್ವ ರೊಟ್ಟಿ ಬಡದ್ಲು ಅಂದ್ಲಲ್ರೀ,” ಎಂದವಳು ಸೆರಗಿನಿಂದ ಕೈ ಒರೆಸಿಕೊಳ್ಳುತ್ತಾಳೆ. “ನನಗ ಓದಾಕ ಬರಂಗಿಲ್ಲ. ರವಿವಾರ ಸಂಜಿ ಪಾಳಿ ತೊಗೊಂಡೇನಿ. ಈ ಸಣ್ಣ ಹುಡುಗ್ರ ಸಂಗಾಟ ಕುಂದರ್ಲೇನ್ರಿ?”

“ಕೈ ತೊಳಕೊಂಡ ಬಾ,” ಎಂದು ದಯಾವತಿ ಚಾಪೆಯ ಮೇಲೆ ಜಾಗ ಮಾಡುತ್ತಾರೆ.

ಈ ಭಾನುವಾರ ಅವರ ತರಗತಿಯಿಂದ ಹನ್ನೊಂದು ಮಕ್ಕಳು ಹೋಗಿದ್ದಾರೆ. ಒಬ್ಬ ತಾಯಿ ಬಂದಿದ್ದಾಳೆ.