ಕಳಸ ಹಿಡಿದವಳು

ಹೊರದೇಶದಲ್ಲಿ ಓದುವಾಗ ಆಗುವ ಸ್ನೇಹ ಬಸ್ಸಿನಲ್ಲಿ ಪಕ್ಕ ಕೂತವರ ಸ್ನೇಹದ ಹಾಗೆ, ಇಳಿದ ಮೇಲೆ ಮುಗಿಯಿತು ಎಂದು ನಮ್ಮ ಸೋದರತ್ತೆ ಹೇಳುತ್ತಿದ್ದರು. ಆ ಮಾತನ್ನು ನಾನು ಆಗಲೂ ಒಪ್ಪಲಿಲ್ಲ, ಈಗಲೂ ಒಪ್ಪುವುದಿಲ್ಲ. ಒಪ್ಪದಿರಲು ನನ್ನ ಹತ್ತಿರ ಇರುವುದು ನೆನಪು ಮಾತ್ರ. ನೆನಪಿನ ಮೇಲೆ ನನಗೆ ಪೂರ್ತಿ ನಂಬಿಕೆಯಿಲ್ಲ ಎಂಬುದನ್ನೂ ಮೊದಲೇ ಹೇಳಿಬಿಡುತ್ತೇನೆ.

ತೊಂಬತ್ತರ ದಶಕದ ಕೊನೆಯಲ್ಲಿ ವಿದ್ಯಾರ್ಥಿವೇತನ ಸಿಕ್ಕಿ, ಮಣ್ಣಿನ ವಿಜ್ಞಾನ ಓದಲು ಇಂಗ್ಲೆಂಡಿಗೆ ಹೋದೆ. ನಮ್ಮದು ಗಾವಡಗೆರೆ ಹತ್ತಿರದ ಹಳ್ಳಿ, ಮನೆಯಲ್ಲಿ ಹೊಗೆಸೊಪ್ಪಿನ ಬೇಸಾಯ. ಅವ್ವ ರಾಗಿಹಿಟ್ಟು ಕಟ್ಟಿಕೊಟ್ಟಿದ್ದಳು. ಹೋದ ಹೊಸತರಲ್ಲಿ ಒಂದು ದಿನ ಹಾಸ್ಟೆಲಿನ ಅಡುಗೆಮನೆಯಲ್ಲಿ ಮುದ್ದೆ ಮಾಡಲು ನಿಂತೆ. ಮುದ್ದೆ ಕೋಲಿಲ್ಲ, ತೆಳ್ಳನೆಯ ಮರದ ಸೌಟೊಂದಿತ್ತು. ಹಿಟ್ಟೆಲ್ಲ ಗಂಟಾಯಿತು. ಹಿಂದೆ ನಿಂತು ನೋಡುತ್ತಿದ್ದ ಹುಡುಗಿಯೊಬ್ಬಳು ಒಂದು ಮಾತೂ ಕೇಳದೆ ಸೌಟು ಕಿತ್ತುಕೊಂಡು, ಹಿಟ್ಟನ್ನು ಪಾತ್ರೆಯ ಪಕ್ಕಕ್ಕೆ ಒತ್ತಿ ಒತ್ತಿ ತಿರುವಿದಳು. ಗಂಟು ಒಡೆಯಿತು. ಅವಳು ಆಫ್ರಿಕಾದ ಮಲಾವಿಯವಳು. ಅವರ ಕಡೆ ಮುದ್ದೆ ಮುಸುಕಿನ ಜೋಳದ್ದು.

ಉಣ್ಣುವಾಗ ಅವಳು ಮುದ್ದೆಯನ್ನು ಅಗಿಯುತ್ತಿದ್ದಳು. ಅಗಿಯಬಾರದು, ಸಾರಿಗೆ ಅದ್ದಿ ನುಂಗಬೇಕು ಎಂದೆ.

"ಮತ್ತೆ ನಿಮ್ಮೂರಿನವರಿಗೆ ಹಲ್ಲು ಯಾತಕ್ಕೆ?" ಎಂದಳು.

ನಮ್ಮನ್ನು ಹತ್ತಿರ ತಂದದ್ದು ಆ ಮುದ್ದೆ ಎಂದು ಹೇಳಿಕೊಂಡು ಬಂದಿದ್ದೇನೆ. ಪೂರ್ತಿ ನಿಜವಲ್ಲದಿರಬಹುದು, ಹೇಳಲು ಚೆಂದ ಎಂದು ನೆನಪು ಅದನ್ನೇ ಮುಂದೆ ತಂದು ನಿಲ್ಲಿಸುತ್ತದೆ. ಹತ್ತಿರ ತಂದದ್ದು ಚಳಿಯೂ ಇರಬಹುದು. ತರಗತಿಯಲ್ಲಿ ನಮ್ಮಿಬ್ಬರ ಇಂಗ್ಲಿಷನ್ನು ಮಾತ್ರ ಎಲ್ಲರೂ ಎರಡೆರಡು ಸಲ ಹೇಳಿಸುತ್ತಿದ್ದ ಸಿಟ್ಟೂ ಇರಬಹುದು. ಒಂದಂತೂ ಖಂಡಿತ. ಲೈಬ್ರರಿಯ ಮೆಟ್ಟಿಲ ಮೇಲೆ ಯಾರೋ ಹೊಗೆಸೊಪ್ಪಿನ ಪೊಟ್ಟಣ ಬಿಚ್ಚಿದಾಗ ಇಬ್ಬರೂ ಒಟ್ಟಿಗೆ ತಿರುಗಿ ನೋಡಿದೆವು. ಅವಳ ಅಪ್ಪನೂ ಹೊಗೆಸೊಪ್ಪು ಬೆಳೆಯುತ್ತಿದ್ದರು. ಹಸಿ ಎಲೆ ಕಟ್ಟಿದ ಕೈಗೆ ಹಿಡಿಯುವ ಕಪ್ಪು ಅಂಟು ಯಾವ ಸೋಪಿಗೂ ಹೋಗುವುದಿಲ್ಲ ಎಂಬುದನ್ನು ಆ ಊರಿನಲ್ಲಿ ನಾನು ವಿವರಿಸಿ ಹೇಳಬೇಕಿಲ್ಲದಿದ್ದ ಒಬ್ಬಳೇ ಒಬ್ಬಳು ಅವಳು.

ಎರಡನೆಯ ಚಳಿಗಾಲದಲ್ಲಿ ಅವಳ ಅಪ್ಪ ತೀರಿಕೊಂಡರು. ಹೋಗಿ ಬರುವ ದಾರಿಯಿರಲಿಲ್ಲ. ಅಪ್ಪನ ಮಣ್ಣಿಗೆ ಹೋಗಲಾಗದ ಮಗಳು ಕೋಣೆಯಲ್ಲಿ ಬೂಟು ಕೂಡ ಬಿಚ್ಚದೆ ಕೂತಿದ್ದಳು. ನಮ್ಮಲ್ಲಿ ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ನೆಂಟರು ಅಡುಗೆ ಮಾಡಿ ತಂದು ಉಣಿಸುತ್ತಾರೆ. ನನಗೆ ಗೊತ್ತಿದ್ದದ್ದು ಅದೊಂದೇ. ಅನ್ನ, ಬೇಳೆ ಸಾರು ಮಾಡಿ ಅವಳ ಕೋಣೆಗೆ ಒಯ್ದು ಮುಂದೆ ಕೂತೆ. ಯಾಕೆ ಎಂದು ಕೇಳಿದಳು. ನಿನಗೆ ಇಲ್ಲಿ ನೆಂಟರು ಬೇರೆ ಯಾರಿದ್ದಾರೆ ಎಂದೆ. ಉಂಡಳು. ಅವಳು ಮತ್ತೆ ತಾನೇ ಒಲೆಯ ಮುಂದೆ ನಿಲ್ಲುವವರೆಗೆ ಹಾಗೇ ನಡೆಯಿತು.

ಓದು ಮುಗಿಸಿ ಊರಿಗೆ ಬಂದೆ. ಕೆಲವು ವರ್ಷಗಳಲ್ಲಿ ಮದುವೆ ಗೊತ್ತಾಯಿತು, ಹುಣಸೂರಿನ ಛತ್ರದಲ್ಲಿ. ಕಳಸಗಿತ್ತಿ ಮಲಾವಿಯ ಗೆಳತಿಯೇ ಎಂದು ನಾನು ಆ ದಿನವೇ ಹೇಳಿಬಿಟ್ಟೆ. ಮದುವೆಯುದ್ದಕ್ಕೂ ಕಳಸ ಹಿಡಿದು ಹೆಣ್ಣಿನ ಪಕ್ಕ ನಿಲ್ಲುವವಳು ಕಳಸಗಿತ್ತಿ. ನಮ್ಮ ಮನೆತನದಲ್ಲಿ ಅದು ತಂಗಿಯ ಜಾಗ. ನನಗೆ ತಂಗಿಯಿಲ್ಲ. ಸೋದರತ್ತೆಗೆ ಮಗಳಿದ್ದಳು, ಆ ಜಾಗ ಅವಳದೆಂದೇ ಅತ್ತೆ ಲೆಕ್ಕ ಹಾಕಿದ್ದರು. ಹಾಗಿರುವಾಗ ಗೆಳತಿ ಮದುವೆಗೆ ಬಂದಿಳಿದಳು.

ಅತ್ತೆ ಕೆ.ಆರ್. ನಗರದಿಂದ ಬಂದವರು ಜಗಲಿ ಮೇಲೆ ಕೂತು ಅವಳನ್ನು ಅಡಿಯಿಂದ ಮುಡಿವರೆಗೆ ನೋಡಿದರು.

"ಏನವ್ವಾ, ನಮ್ ಬಳಗ್ದಲ್ಲಿ ಎಣ್ಮಕ್ಳಿಗೆ ಬರ ಬಂದಿತ್ತಾ? ಸಮುದ್ರ ದಾಟಿ ತರಸ್ಬೇಕಾಗಿತ್ತಾ?"

"ತರ್ಸಿಲ್ಲ ಅತ್ತೆ, ಕರ್ದಿದೀನಿ. ಅವ್ಳು ಬಂದವ್ಳೆ."

"ಆಯ್ತು ಬುಡು. ಕೇಳು ಅವಳ್ನ, ಅಪ್ಪ ಅವ್ವ ಇಬ್ರೂ ಅವ್ರಾ ಅಂತ. ಕಳಸ ಇಡ್ಕೊಳೋಳ್ಗೆ ಇಬ್ರೂ ಇರ್ಬೇಕು ಕಣವ್ವ. ಇದು ನಾನ್ ಮಾಡಿದ್ ಕಟ್ಲೆ ಅಲ್ಲ."

ಎರಡೂ ಭಾಷೆ ಗೊತ್ತಿದ್ದವಳು ಅಲ್ಲಿ ನಾನೊಬ್ಬಳೇ. ಇಬ್ಬರೂ ಇದ್ದಾರೆ ಎಂದು ಹೇಳಿದ್ದರೆ ಮಾತು ಅಲ್ಲಿಗೆ ಮುಗಿಯುತ್ತಿತ್ತು. ಹಾಗೆ ಹೇಳಲು ಬಾಯಿ ಬರಲಿಲ್ಲ. ಅವಳ ಅಪ್ಪ ಸತ್ತದ್ದನ್ನು ಮುಚ್ಚಿಟ್ಟರೆ ಅವಳು ನನಗೆ ಏನಾಗಬೇಕು ಎಂಬುದನ್ನೇ ಮುಚ್ಚಿಟ್ಟ ಹಾಗೆ. ಪ್ರಶ್ನೆಯನ್ನೂ ಕಟ್ಟಳೆಯನ್ನೂ ಇದ್ದ ಹಾಗೆ ಅವಳಿಗೆ ಹೇಳಿದೆ. ಅವಳು, "ಇದ್ದದ್ದನ್ನೇ ಹೇಳು" ಎಂದಳು.

"ಅಪ್ಪ ಇಲ್ಲ ಅತ್ತೆ. ತೀರ್ಕೊಂಡಾಗ ಸಾವಿನ್ ಮನೆ ಅನ್ನ ಉಣ್ಸಿದವ್ಳು ನಾನು."

"ಅಂಗಾದ್ರೆ ಮುಗೀತಲ್ಲ. ನನ್ ಮಗ್ಳು ಇಡ್ಕೊಳ್ಳಿ, ಇವ್ಳು ಪಕ್ದಲ್ಲಿ ನಿಂತ್ಕೊಳ್ಳಿ. ಫೋಟೋದಲ್ಲಿ ಇಬ್ರೂ ಬತ್ತಾರೆ."

"ಫೋಟೋಗಲ್ಲ ಅತ್ತೆ ನಾನು ಕರ್ದಿದ್ದು. ಅವ್ಳು ಇಡೀದಿದ್ರೆ ನನ್ ಮದುವೇಲಿ ಕಳಸಾನೇ ಬ್ಯಾಡ."

ಅವ್ವ ಒಳಗಿಂದ ಬಂದಳು. "ಬುಡಿ ಅತ್ತಿಗೆ, ಇವ್ಳು ಹಟ ಇಡುದ್ರೆ ಅವ್ರಪ್ಪನ್ ಥರಾನೇ. ನಿಮ್ ತಮ್ಮ ತಾನೆ, ನಿಮ್ಗೊತ್ತಿಲ್ವಾ?"

ಅತ್ತೆ ನಗಲಿಲ್ಲ.

ರೇಗಿದ್ದು ಗೆಳತಿಗಾಗಿಯೋ, ಅತ್ತೆಯ ಎದುರು ಗೆಲ್ಲಬೇಕೆಂಬ ಹುಮ್ಮಸ್ಸಿಗೋ ಎಂದು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಎರಡೂ ಇತ್ತು. ಗೆಳತಿಗೆ ಅದು ಆಗಲೇ ತಿಳಿದಿತ್ತು. ಅವ್ವ ಅವಳಿಗೆ ಸೀರೆ ಉಡಿಸುತ್ತಿದ್ದಾಗ, "ನೀನು ಕೇಳಿದೆ ಅಂತ ಹಿಡಿಯುತ್ತೇನೆ. ನಿಮ್ಮ ಅತ್ತೆಗೆ ತೋರಿಸಲು ಆದರೆ ಈಗಲೇ ಹೇಳು, ಸೀರೆ ಬಿಚ್ಚುತ್ತೇನೆ" ಎಂದಳು. ನಾನು ಕೇಳಿದ್ದೇನೆ, ಹಿಡಿ ಎಂದೆ.

ಹಿಡಿದಳು. ಧಾರೆಯ ಹೊತ್ತಿಗೆ ಕಳಸ ತುಸು ವಾಲಿ ನನ್ನ ತೋಳಿನ ಮೇಲೆ ನೀರು ತುಳುಕಿತು ಎಂದು ನನಗೆ ನೆನಪು. ಅವ್ವ ಹಾಗಾಗಲೇ ಇಲ್ಲ ಎನ್ನುತ್ತಾಳೆ. ಅತ್ತೆ ಧಾರೆಗೆ ನಿಲ್ಲಲಿಲ್ಲ. ಮಗಳನ್ನು ಕರೆದುಕೊಂಡು, ಊಟಕ್ಕೂ ಕೂರದೆ, ಕೆ.ಆರ್. ನಗರದ ಬಸ್ಸು ಹತ್ತಿದರು. ಮದುವೆ ಮನೆಯಿಂದ ಸೋದರತ್ತೆ ಉಣ್ಣದೆ ಹೋಗುವುದು ಸಣ್ಣ ಮಾತಲ್ಲ. ಅಪ್ಪ ಅದನ್ನು ನನಗೆ ಬಹಳ ಕಾಲ ಮರೆಯಗೊಡಲಿಲ್ಲ.

ಅತ್ತೆ ಮತ್ತೆ ನಮ್ಮ ಮನೆಗೆ ಬರಲು ವರ್ಷಗಳೇ ಹಿಡಿದವು. ಬಂದವರು ಕಾಫಿ ಲೋಟ ಕೆಳಗಿಟ್ಟು ಮೊದಲು ಕೇಳಿದ್ದೇ ಇದು:

"ಆ ಉಡುಗಿ ಫೋನ್ಗೀನ್ ಮಾಡ್ತಾಳಾ?"

ಮಾಡುತ್ತಿರಲಿಲ್ಲ. ಅವಳಿಗೆ ಮಕ್ಕಳು, ಕೆಲಸ, ನನಗೂ ಅಷ್ಟೇ. ಮೊದಲು ಫೋನ್ ಕಡಿಮೆಯಾಯಿತು, ಆಮೇಲೆ ಇಮೇಲ್. ಯಾವಾಗ ಪೂರ್ತಿ ನಿಂತಿತೋ ನೆನಪಿಲ್ಲ.

"ಇಲ್ಲ ಅತ್ತೆ. ಬಾಳ ದಿನ ಆಯ್ತು."

"ನಾನ್ ಏಳ್ಲಿಲ್ವಾ? ಬಸ್ ಇಳುದ್ ಮ್ಯಾಕೆ ಯಾರು ಯಾರ್ಗೆ ಕಣವ್ವ?"

"ಫೋನ್ ಮಾಡ್ದಿದ್ರೂ ನನ್ ಕಳಸ ಇಡ್ದೋಳು ಅವ್ಳೇ ಅತ್ತೆ. ಅದನ್ನ ಯಾರೂ ಈಸ್ಕೊಳಕ್ಕಾಗಲ್ಲ."

ಮದುವೆಯ ದಿನ ಉಣ್ಣದೆ ಹೋಗಿದ್ದ ಅತ್ತೆ ಲೋಟ ಎತ್ತಿಕೊಂಡು ತಳದ ಕಾಫಿಯನ್ನೂ ಕುಡಿದರು. ನಾನು ಅವರ ಎದುರಿನಿಂದ ಏಳಲಿಲ್ಲ.