ಅವ್ವನ ಕೈಮಾತು ಲಕ್ಷ್ಮೇಶ್ವರ ಮುಟ್ಟಿದ್ದು

ಗದಗ ಜಿಲ್ಲೆಯಾದ ಹೊಸತರಲ್ಲಿ ಹುಟ್ಟಿದವಳು ನನ್ನ ಅಕ್ಕ. ಅವಳಿಗೆ ಹುಟ್ಟಿನಿಂದಲೂ ಕಿವಿ ಕೇಳುವುದಿಲ್ಲ, ಮಾತೂ ಬರಲಿಲ್ಲ. ಮುಂಡರಗಿ ತಾಲ್ಲೂಕಿನ ನಮ್ಮ ಹಳ್ಳಿಯಲ್ಲಿ ಅಂಥ ಮಕ್ಕಳಿಗೆ ಶಾಲೆ ಇರಲಿಲ್ಲ. ದೂರದ ಊರಿಗೆ ಕಳಿಸಲು ಅಪ್ಪನಿಗೆ ಧೈರ್ಯ ಸಾಲಲಿಲ್ಲ. ಹೀಗಾಗಿ ಓದು ಬರಹವೂ ಇಲ್ಲ. ಅವಳಿಗೂ ಅವ್ವನಿಗೂ ನಡುವೆ ಒಂದು ಕೈಮಾತು ತಾನಾಗಿ ಬೆಳೆದಿತ್ತು. ಗಲ್ಲದ ಮೇಲೆ ಬೆರಳಿಟ್ಟರೆ ನಾನು, ಅಲ್ಲಿ ನನಗೊಂದು ಮಚ್ಚೆ ಇದೆ. ಅಂಗೈ ತಟ್ಟಿದರೆ ರೊಟ್ಟಿ. ಮೂಗಿನ ಹತ್ತಿರ ಬೆರಳು ತಿರುಗಿಸಿದರೆ ಎದುರು ಮನೆಯ ನತ್ತಿನ ದೊಡ್ಡವ್ವ. ಊರಲ್ಲಿ ಆ ಮಾತು ಪೂರಾ ತಿಳಿದವರು ಅವ್ವ ಮತ್ತು ನಾನು, ಇಬ್ಬರೇ.

ಅಕ್ಕನನ್ನು ಲಕ್ಷ್ಮೇಶ್ವರಕ್ಕೆ ಕೊಟ್ಟರು. ಭಾವನಿಗೂ ಕಿವಿ ಕೇಳುವುದಿಲ್ಲ, ಮಾತು ಬರುವುದಿಲ್ಲ. ಟೇಲರ್ ಅಂಗಡಿ ಇಟ್ಟವರು, ತಾಳ್ಮೆಯ ಮನುಷ್ಯ. ಸಂಸಾರ ಚೆನ್ನಾಗಿಯೇ ಹೊಂದಿಕೊಂಡಿತು. ತೊಂದರೆ ತವರಿನ ಜೊತೆ ಮಾತಾಡುವುದರದು. ಬೇರೆ ಹೆಣ್ಣುಮಕ್ಕಳು ಅವ್ವಂದಿರಿಗೆ ಫೋನ್ ಹಚ್ಚುತ್ತಾರೆ. ಅಕ್ಕ ಏನು ಮಾಡಬೇಕು?

ಮುಖ ಕಾಣುವ ಫೋನ್ ಮನೆಗೆ ಬಂದಾಗ ಆಸೆ ಹುಟ್ಟಿತು. ಆದರೆ ನಮ್ಮೂರು ಕಪ್ಪತಗುಡ್ಡದ ಮಗ್ಗುಲಿನ ತಗ್ಗಿನಲ್ಲಿದೆ. ಸಿಗ್ನಲ್ ಸಿಗುತ್ತಿದ್ದುದು ಕೆರೆ ಏರಿಯ ಮೇಲೆ, ಅದೂ ಬಂದರೆ ಬಂತು. ಬಾಯಲ್ಲಿ ಮಾತಾಡುವವರು ಅಷ್ಟರಲ್ಲೇ ಸುಧಾರಿಸಿಕೊಳ್ಳುತ್ತಿದ್ದರು. ಅಕ್ಕನ ಕೈ ಮಾತ್ರ ಪರದೆಯಲ್ಲಿ ಮೇಲೆದ್ದು ಅರ್ಧಕ್ಕೇ ನಿಂತುಬಿಡುತ್ತಿತ್ತು. ಚಿತ್ರ ಮತ್ತೆ ಚಲಿಸುವಷ್ಟರಲ್ಲಿ ಅವಳು ಬೇರೆ ಸುದ್ದಿಗೆ ಹೋಗಿರುತ್ತಿದ್ದಳು. ಒಮ್ಮೆ ಅವಳು ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡಲ್ಲಿಗೇ ಚಿತ್ರ ನಿಂತಿತು. ಹಸಿವೋ, ನೋವೋ, ಬಸುರೋ ತಿಳಿಯದೆ ಅವ್ವ ಮರುದಿನವೇ ಶಿರಹಟ್ಟಿಯ ಬಸ್ಸು ಹತ್ತಿ, ಅಲ್ಲಿಂದ ಲಕ್ಷ್ಮೇಶ್ವರಕ್ಕೆ ಹೋದಳು. ಅಕ್ಕ ಬಸುರಿಯಾಗಿದ್ದಳು.

ಆ ವರ್ಷವೇ ಸರ್ಕಾರದ ಇಂಟರ್ನೆಟ್ ಕೇಬಲ್ ನಮ್ಮೂರಿಗೂ ಬಂತು. ರಸ್ತೆ ಬದಿಯ ಎರೆಮಣ್ಣು ಅಗೆದು ಕೊಳವೆ ಹೂತರು, ಪಂಚಾಯಿತಿ ಕಚೇರಿಯ ಗೋಡೆಗೆ ಒಂದು ಪೆಟ್ಟಿಗೆ ಜಡಿದು ಹೋದರು. ಪೆಟ್ಟಿಗೆಯಲ್ಲಿ ದೀಪ ಮಿನುಗುತ್ತಿತ್ತು, ಪ್ರಯೋಜನ ಕಚೇರಿಯ ಕಂಪ್ಯೂಟರಿಗಷ್ಟೇ.

ಅವ್ವ ಎಂದೂ ಗ್ರಾಮಸಭೆಗೆ ಹೋದವಳಲ್ಲ. ಆ ಸಲ ಹೋದಳು. ಅಧ್ಯಕ್ಷೆ ಮುಸ್ಲಿಂ ರೈತರ ಮನೆಯ ಹೆಣ್ಣುಮಗಳು, ಅವ್ವನ ಜೊತೆ ಮೆಣಸಿನಕಾಯಿ ಬಿಡಿಸಿದವರು. ನೀರು, ಗಟಾರದ ಮಾತೆಲ್ಲ ಮುಗಿದ ಮೇಲೆ ಅವ್ವ ಎದ್ದು ನಿಂತಳು.

"ಅಧ್ಯಕ್ಷರ, ಆ ಪೆಟಗಿ ಯಾರದ್ರಿ?"

"ಸರಕಾರದ್ದು, ಅಕ್ಕಾ," ಎಂದರು ಅವರು.

"ಹಂಗಾರ ನಮ್ದೂ ಆತಲ್ರಿ. ನನ್ನ ಮಗಳು ಕೈಲೆ ಮಾತಾಡ್ತಾಳ. ಕೆರಿ ಏರಿ ಮ್ಯಾಲ ಆಕಿ ಮಾತು ಹರದು ಹರದು ಬರತೈತಿ. ಒಂದು ವಾಯರ್ ಲೈಬ್ರರಿಗೆ ಎಳಸ್ರಿ. ಸಂಜೀಕ ಅಲ್ಲೇ ಕುಂತು ಮಾತಾಡ್ತೀನಿ."

ಹಿಂದೆ ಕೂತಿದ್ದ ಹಿರಿಯರೊಬ್ಬರು ನಕ್ಕರು. "ಯವ್ವಾ, ಮೂಕರಿಗೆ ಯಾತರ ಫೋನು?"

ಅವ್ವ ತಿರುಗಿ ನೋಡಿದಳು. ದನಿ ಏರಿಸಲಿಲ್ಲ. "ಬಾಯಿ ಇದ್ದವರಿಗೆ ಎಲ್ಲಿ ನಿಂತ್ರೂ ನಡೀತೈತ್ರಿ. ಆಕಿಗೆ ಇದನ್ನ ಬಿಟ್ರ ಬ್ಯಾರೆ ಇಲ್ಲ."

ನನ್ನ ಅವ್ವ ಇಷ್ಟು ಜನರ ಎದುರು ಮಾತಾಡಬಲ್ಲಳೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಮೇಲಿನವರನ್ನು ಕೇಳಬೇಕಾಗುತ್ತದೆ ಎಂದರು ಪಂಚಾಯಿತಿಯ ಅಧಿಕಾರಿ. "ಕೇಳ್ರಿ, ನಾನೂ ಬರ್ತೀನಿ. ಲೈಬ್ರರಿ ಏನು ದೂರ ಐತಿ, ಆ ಗ್ವಾಡಿ ಆಚೀಗೆ," ಎಂದರು ಅಧ್ಯಕ್ಷೆ. ಹೇಳಿದಂತೆ ಗದಗಕ್ಕೆ ಅಲೆದರು. ನಡುವೆ ನೀರಿನ ಪೈಪಿಗೆ ಅಗೆದವರು ಕೇಬಲ್ಲನ್ನೇ ಕತ್ತರಿಸಿದರು. ಅದನ್ನು ಜೋಡಿಸುವವರು ಬರುವ ತನಕ ಅಧ್ಯಕ್ಷೆ ಬಿಡಲಿಲ್ಲ. ಲೈಬ್ರರಿಗೆ ವಾಯರ್ ಬಂದು ವೈಫೈ ಸಿಕ್ಕಾಗ ಅಕ್ಕನ ಮಡಿಲಲ್ಲಿ ಆಗಲೇ ಹೆಣ್ಣುಕೂಸು.

ಮೊದಲ ಸಂಜೆ ಫೋನನ್ನು ಪುಸ್ತಕಗಳಿಗೆ ಒರಗಿಸಿಟ್ಟೆ. ಅಕ್ಕ ಕಂಡಳು. ಅಂಗೈ ತಟ್ಟಿ, ಇವತ್ತು ರೊಟ್ಟಿಗೆ ಏನು ಪಲ್ಯ ಎಂದು ಕೇಳಿದಳು. ಕೈ ಎಲ್ಲೂ ನಿಲ್ಲಲಿಲ್ಲ. ಅವ್ವ ಹೇಳುತ್ತ ಹೋದಳು: ಪಲ್ಯ, ಎಮ್ಮೆ, ಓಣಿಯ ಜಗಳ. ಕೋಣೆಯಲ್ಲಿ ಅವ್ವನ ಬಳೆಗಳದ್ದಷ್ಟೇ ಸದ್ದು. ಪೇಪರ್ ಓದುತ್ತಿದ್ದವರು ಅದನ್ನು ಮಡಚಿಟ್ಟು ನೋಡುತ್ತಿದ್ದರು.

ಕೊನೆಗೆ ಅಕ್ಕ ಕೂಸನ್ನು ಎತ್ತಿ ಹಿಡಿದಳು. ಅದರ ಕಿವಿ ಮುಟ್ಟಿದಳು, ಆಮೇಲೆ ಅವ್ವನ ಬಾಯಿಯ ಕಡೆ ಬೆರಳು ತೋರಿಸಿದಳು. ಕೂಸಿಗೆ ಕಿವಿ ಕೇಳುತ್ತದೆ. ಆದರೆ ಆ ಮನೆಯಲ್ಲಿ ಬಾಯಿಮಾತಿಲ್ಲ. ನೀನು ಇವಳ ಜೊತೆ ಮಾತಾಡು ಎಂದು ಅವಳು ಕೇಳುತ್ತಿದ್ದಳು. ಅವ್ವ ಸೆರಗಿನಿಂದ ಮುಖ ಒರೆಸಿಕೊಂಡು, "ನಾನು ನಿಮ್ಮವ್ವನ ಅವ್ವ, ನಿಮ್ಮ ಆಯಿ, ಇಲ್ಲೆ ನೋಡು ಕೂಸ," ಎಂದಳು. ಕೂಸು ದನಿ ಬಂದ ಕಡೆ ತಲೆ ತಿರುಗಿಸಿತು.

ಅಂದಿನಿಂದ ಅವ್ವ ಸಂಜೆ ಸಂಜೆ ಮಗಳಿಗೆ ಕೈಯಲ್ಲಿ, ಮೊಮ್ಮಗಳಿಗೆ ಬಾಯಲ್ಲಿ ಮಾತಾಡಿದಳು. ಈಗ ಆ ಹುಡುಗಿ ಅಪ್ಪನ ಅಂಗಡಿಯಲ್ಲಿ ಗಿರಾಕಿಗಳಿಗೆ, "ಕುಂಡ್ರಿ, ಗುಂಡಿ ಹಚ್ಚೂದು ಅಷ್ಟ ಉಳದೈತಿ," ಎನ್ನುತ್ತಾಳೆ. ಇಷ್ಟು ಸಣ್ಣ ಹುಡುಗಿ ಥೇಟ್ ಮುದುಕಿಯ ಹಾಗೆ ಮಾತಾಡುತ್ತಾಳಲ್ಲ ಎಂದು ಲಕ್ಷ್ಮೇಶ್ವರದವರು ನಗುತ್ತಾರೆ.