ಬೂಸ್ಟು ಹಿಡಿದ ತೌಡು

ಗೆಳತಿಯರೇ, ಈ ಇನ್‌ಲ್ಯಾಂಡ್ ಪತ್ರವನ್ನು ಓದಿ ಒಬ್ಬರಿಂದೊಬ್ಬರಿಗೆ ದಾಟಿಸಿ. ಎಲ್ಲರಿಗೂ ಬೇರೆಬೇರೆ ಬರೆಯುವ ಮನಸ್ಸು ಇವತ್ತು ನನಗಿಲ್ಲ. ಬೆಳಿಗ್ಗೆ ಗೂಡು ತೆರೆದರೆ ನನ್ನ ಐದೂ ಕೋಳಿಗಳು ಸತ್ತು ಬಿದ್ದಿದ್ದವು.

ಚಳಿಗೆ ಒಳ್ಳೆಯದೆಂದು ಅವಕ್ಕೆ ತೌಡು, ನುಚ್ಚು ನೆನೆಸಿ ಹುಳಿ ಬರಿಸಿ ಹಾಕುತ್ತಿದ್ದೆ. ಬೇಸಿಗೆಯಲ್ಲಿ ಒಂದೇ ದಿನಕ್ಕೆ ಹುಳಿಯಾಗುವುದು ಕಾರ್ಕಳದ ಈ ಚಳಿಯಲ್ಲಿ ಮೂರು ದಿನವಾದರೂ ಆಗದೆ ಕಪ್ಪು ಬೂಸ್ಟು ಬಂತು. ನಿನ್ನೆ ಚೆಲ್ಲಲು ಹೊರಟಾಗ ಅತ್ತೆ ತಡೆದರು.

"ಎಂತ ಮಾರಾಯ್ತಿ, ಅಕ್ಕಿಯ ನುಚ್ಚನ್ನು ಬಿಸಾಡುವುದಾ? ಮೇಲಿನದ್ದು ತೆಗೆದು ಹಾಕು. ಕೋಳಿಗೆ ಎಂತ ಗೊತ್ತುಂಟು?"

ಗಂಡ ಕುವೈತಿನಲ್ಲಿ. ಅತ್ತೆಯ ಮಾತು ಮೀರುವ ಧೈರ್ಯವಾಗದೆ ಹಾಕಿಬಿಟ್ಟೆ.

ಟೈಫಾಯ್ಡಿನಿಂದ ಎದ್ದ ಮಗಳಿಗೆ ದಿನಕ್ಕೊಂದು ಮೊಟ್ಟೆ ಕೊಡಲು ಡಾಕ್ಟರು ಹೇಳಿದ್ದರು. ಇನ್ನು ಎಲ್ಲಿಂದ ತರುವುದೆಂದು ಅಳುತ್ತಾ ತೆಂಗಿನ ಬುಡದಲ್ಲಿ ಗುಂಡಿ ತೋಡಿದೆ. ಅತ್ತೆ ಬಂದರು.

"ಇಷ್ಟು ಮಾಂಸವನ್ನು ಮಣ್ಣಿಗೆ ಹಾಕುವುದಾ?"

"ಮಾಂಯ್, ವಿಷ ತಿಂದು ಸತ್ತದ್ದು!" ಎಂದು ಅತ್ತೆಗೆ ಹೇಳಿದೆ.

"ವಿಷ ಹಾಕಿದ್ದು ಯಾರು? ನೀನೇ ಅಲ್ವಾ?"

ಗುಂಡಿ ತೋಡುವುದನ್ನು ಮುಗಿಸಿದೆ. ಕೈ ತೊಳೆದು ಬರುವಷ್ಟರಲ್ಲಿ ಗುಂಡಿಯ ಬಳಿ ನಾಲ್ಕೇ ಕೋಳಿಗಳಿದ್ದವು. ಅಡುಗೆಮನೆಯಲ್ಲಿ ಮಸಾಲೆ ಅರೆಯುವ ಸದ್ದು. ತಿನ್ನಬೇಡಿ ಎಂದು ಮೂರು ಸಲ ಹೇಳಿದೆ, ಕಿವಿಗೇ ಹಾಕಿಕೊಳ್ಳಲಿಲ್ಲ. ಕೊನೆಗೆ, ನನಗೂ ಮಗಳಿಗೂ ಇವತ್ತು ಉಪವಾಸ ಎಂದುಬಿಟ್ಟೆ.

ಅತ್ತೆಗೆ ಬಹಳ ಸಂತೋಷವಾಯಿತು. "ಕ್ರಿಸ್ಮಸ್ ಹತ್ತಿರ ಬಂದಾಗಲಾದರೂ ಸೊಸೆಗೆ ಭಕ್ತಿ ಬಂತಲ್ಲ" ಎಂದು ಹೇಳಿ ಒಬ್ಬರೇ ಊಟಕ್ಕೆ ಕುಳಿತಿದ್ದಾರೆ.